ಬೈಸಿಕೊಂಡ ಭಾನುವಾರ

ಸೋಮವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅಮ್ಮಾ,

ನಿನ್ನ ಮಗಳಿಗೆ ನಿನ್ನೆ ಚರ್ಚಿನಲ್ಲಿ ಎಲ್ಲರೆದುರು ಬೈಸಿಕೊಳ್ಳುವ ಯೋಗ ಬಂತು. ಗಾಬರಿಯಾಗಬೇಡ, ಪೂರ್ತಿ ಓದು. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆಯುತ್ತಿದ್ದೇನೆ; ಇನ್ನೂ ನಗು ತಡೆಯಲಾಗುತ್ತಿಲ್ಲ.

ಈ ಊರಿಗೆ ಬಂದಾಗಿನಿಂದ ಚರ್ಚಿನಲ್ಲಿ ನನಗಿದ್ದದ್ದು ಒಂದೇ ಕೆಲಸ: ಗಾಲಿಕುರ್ಚಿಯಲ್ಲಿ ಕೂತು ಎಲ್ಲರಿಂದ ಪ್ರಾರ್ಥನೆ ಮಾಡಿಸಿಕೊಳ್ಳುವುದು. ಕೇಳದೆಯೇ ಹಿಂದಿನಿಂದ ಕುರ್ಚಿ ತಳ್ಳುವವರು, ತಲೆ ಸವರುವವರು. ಆರಾಧನೆ ಮುಗಿದ ಮೇಲೆ ಟೀ ಹಂಚುವ ಪಾಳಿಗೆ ನನ್ನನ್ನೂ ಸೇರಿಸಿ ಎಂದರೆ, ನೀನು ಬರುವುದೇ ದೊಡ್ಡ ಸೇವೆಯಮ್ಮ ಎಂದು ಪಾದ್ರಿಗಳು ಮಾತು ತೇಲಿಸುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ವಾರವಿಡೀ ಅಂಗಡಿಯಲ್ಲಿ ದುಡಿಯುವವಳು ಭಾನುವಾರ ಮಾತ್ರ ಗಾಜಿನ ಗೊಂಬೆಯೇ?

ಕೊನೆಗೆ ಒಂದು ದಿನ ಚರ್ಚಿನ ಅಡುಗೆಕೋಣೆಗೇ ನುಗ್ಗಿದೆ. ಅಲ್ಲಿ ನಿವೃತ್ತ ನರ್ಸಮ್ಮನದೇ ದರ್ಬಾರು. ಎಲ್ಲರೂ ಅವರನ್ನು ಮೇಜರ್ ಆಂಟಿ ಎನ್ನುತ್ತಾರೆ. ಕಪ್ ತೊಳೆಯುವವರು ಪಿಯಾನೋ ರಿಪೇರಿಯ ಮಾಮ. ಅವರಿಗೆ ಕಣ್ಣು ಕಾಣುವುದಿಲ್ಲ. ಕಪ್ಪಿನ ಅಂಚಿನ ಮೇಲೆ ಬೆರಳಾಡಿಸಿ, ಲಿಪ್‌ಸ್ಟಿಕ್ ಅಂಟಿದ್ದರೆ ಅದು ಯಾರದೆಂದು ಊಹಿಸಿ ನಗಿಸುತ್ತಾರೆ. ಆಂಟಿ ಕೈ ಗಟ್ಟಿ ಇದೆಯಾ ಎಂದಷ್ಟೇ ನನ್ನನ್ನು ಕೇಳಿ, ಕುರ್ಚಿಯ ತೋಳುಗಳಿಗೆ ಅಡ್ಡಲಾಗಿ ಟೀ ಕಪ್‌ಗಳನ್ನಿಡಲು ಒಂದು ಹಲಗೆ ಕೂರಿಸಿದರು. ಬೇರೆಯವರು ತುಳುಕಿಸಿಕೊಂಡು ಬರುವಷ್ಟರಲ್ಲಿ ನಾನು ಬೆಂಚುಗಳ ನಡುವೆ ಒಂದು ಸುತ್ತು ಮುಗಿಸಿರುತ್ತೇನೆ. ಪಾದ್ರಿಗಳು ನೋಡಿ, ಬೇಡ ಎನ್ನಲಾಗದೆ ತಾವೂ ಒಂದು ಕಪ್ ಎತ್ತಿಕೊಂಡರು.

ನಿನ್ನೆ ಹೊರಗೆ ಗೆಳತಿಯ ಜೊತೆ ಹರಟೆಗೆ ಬಿದ್ದೆ. ಒಳಗೆ ಬರುವಷ್ಟರಲ್ಲಿ ಟೀ ತಣ್ಣಗಾಗಿತ್ತು. ಬಾಗಿಲು ಇಕ್ಕಟ್ಟಾಗಿತ್ತೇನೋ ಎಂದು ಪಾದ್ರಿಗಳೇ ನನ್ನ ಪರವಾಗಿ ನೆಪ ಹುಡುಕತೊಡಗಿದರು. ಅಷ್ಟರಲ್ಲಿ ಆಂಟಿ ಟೀ ಸೋಸುವ ಜರಡಿ ಹಿಡಿದುಕೊಂಡೇ ಹೊರಬಂದರು.

"ಕುರ್ಚೀಲಿ ಕೂತವಳು ಅಂತ ಟೀ ಕಾಯುತ್ತಾ? ಹರಟೆ ಹೊಡೀಬೇಕಿದ್ರೆ ಪಾಳಿ ಮುಗಿಸ್ಕೊಂಡು ಹೊಡಿ. ಇಲ್ಲಿ ನಿನ್ನ ನಂಬ್ಕೊಂಡು ಕೂತಿದೀವಿ."

ತಪ್ಪಾಯಿತು ಆಂಟಿ ಎಂದೆ. ನನ್ನನ್ನು ನಂಬಿಕೊಂಡು ಕೂತಿದ್ದರಂತೆ ಅಮ್ಮಾ! ಖುಷಿಗೆ ನನ್ನ ಕಣ್ಣು ತುಂಬಿದರೆ, ಬೈದಿದ್ದಕ್ಕೆ ಅತ್ತಳೆಂದು ಎಲ್ಲರೂ ಆಂಟಿಯನ್ನೇ ಗುರಾಯಿಸಿದರು. ಟೀ ಮತ್ತೆ ಬಿಸಿಯಾದ ಮೇಲೆ ಒಬ್ಬರನ್ನೂ ಬಿಡದೆ ಹಂಚಿದೆ.

ವೇಳೆಗೆ ಸರಿಯಾಗಿ ಉಣ್ಣು.

ಕೆಲಸ ಸಿಕ್ಕ ನಿನ್ನ
ಬಾಯಿಬಡುಕಿ

ಬರೆಯಲೋ ಬೇಡವೋ ಎಂದುಕೊಂಡಿದ್ದೆ, ಬರೆದೇಬಿಡುತ್ತೇನೆ: ಆಮೇಲೆ ಪಾದ್ರಿಗಳು ಬಂದು, ಎಡಭುಜ ನೋಯುತ್ತಿಲ್ಲ ತಾನೇ ಎಂದು ವಿಚಾರಿಸಿದರು. ಆ ನೋವಿನ ವಿಷಯ ನಿನ್ನೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿದವಳಲ್ಲ ನಾನು. ಅವಳಿಗೆ ಕೆಲಸ ಕೊಡಬೇಡಿ ಎಂದು ಅವರಿಗೆ ಫೋನ್ ಮಾಡಿದ್ದು ನೀನೇ ಅಲ್ಲವೇ? ಕೋಪವಿಲ್ಲ. ಸ್ವಲ್ಪ ಇತ್ತು, ಹೋಯಿತು. ಭುಜ ನೋಯುವುದೂ ನಿಜ, ನಿನ್ನ ಹತ್ತಿರ ಯಾಕೆ ಸುಳ್ಳು. ಮುಂದಿನ ತಿಂಗಳು ಬಂದಾಗ ಆರಾಧನೆ ಮುಗಿದ ಮೇಲೆ ನನ್ನ ಕುರ್ಚಿ ತಳ್ಳಲು ಏಳಬೇಡ. ಬೆಂಚಿನಲ್ಲೇ ಕೂತಿರು, ನಿನಗೆ ಟೀ ನಾನು ತಂದುಕೊಡುತ್ತೇನೆ.