ಮಲಗಿದ ಗಂಟೆಗಳು

ನ್ಯಾಮತಿ
12 ಫೆಬ್ರವರಿ 2025

ಚಿ. ಸೌ. ಶಾಂತಲಾಳಿಗೆ ನಿನ್ನ ಅತ್ತೆಯ ಆಶೀರ್ವಾದ.

ಜಗಳೂರಿನ ತವರಿನಲ್ಲಿ ಈ ಪತ್ರವನ್ನು ಎದ್ದು ಕುಳಿತು ಓದಬೇಡ, ಮಲಗಿಯೇ ಓದು. ಫೋನಿನಲ್ಲಿ ಈ ಮಾತು ನನ್ನ ಬಾಯಿಗೆ ಬರುವುದಿಲ್ಲ.

ನೀನು ಹೋದ ಮೇಲೆ ಮಧ್ಯಾಹ್ನಗಳು ಬಹಳ ಉದ್ದವಾಗಿವೆ. ನಿನ್ನ ಚಾಪೆ ಇದ್ದ ಜಾಗಕ್ಕೆ ಗವಾಕ್ಷಿಯ ಬಿಸಿಲು ಇಳಿದು, ನೀರಿನಂತೆ ನಿಧಾನ ಹರಿದು, ಗೋಡೆ ಹತ್ತಿ ಹೋಗುತ್ತದೆ. ನಿನ್ನೆ ನೋಡುತ್ತಾ ಕುಳಿತವಳಿಗೆ ನೀನು ಅದರೊಳಗೆ ತೇಲುತ್ತಿರುವಂತೆ ಕಂಡಿತು. ಏಳು ಎಂದು ಕೂಗಲು ಬಾಯಿ ತೆರೆದೆ. ಕೂಗಲಿಲ್ಲ.

ಚಿಕೂನ್‌ಗುನ್ಯ ಜ್ವರ ಬಿಟ್ಟು ಎರಡು ವರ್ಷವಾದರೂ ನಿನಗೆ ಶಕ್ತಿ ಮರಳಲಿಲ್ಲ. ಹತ್ತು ರೊಟ್ಟಿ ತಟ್ಟಿದರೆ ಎರಡು ದಿನ ಹಾಸಿಗೆ. ನಾನು ನಿನ್ನನ್ನು ಮೈಗಳ್ಳಿ ಎಂದೆ, ಬಂದವರ ಮುಂದೆಯೂ ಎಂದೆ. ಇಂಥ ದಣಿವಿನ ಮೂಲ ಹುಡುಕುವ ಡಾಕ್ಟರ್ ಅರುಣಾ, ನೀನು ದಿನಕ್ಕೆಷ್ಟು ಗಂಟೆ ಮಲಗುತ್ತೀ ಎಂದು ಒಂದು ತಿಂಗಳು ಬರೆದಿಡಲು ಮನೆಯವರಿಗೆ ಪುಸ್ತಕ ಕೊಟ್ಟರಲ್ಲ, ಅದನ್ನು ತುಂಬಿದವಳು ನಾನು. ನಮ್ಮ ಮನೆ ಸೊಸೆ ಹಗಲು ಮಲಗುತ್ತಾಳೆಂದು ಹೊರಗಿನವರಿಗೆ ನಾನೇ ಬರೆದುಕೊಡುವುದೇ? ಐದಕ್ಕೆ ಎದ್ದಳು, ಅಂಗಳ ಸಾರಿಸಿದಳು, ರೊಟ್ಟಿ ತಟ್ಟಿದಳು, ಹಗಲು ನಿದ್ದೆ ಇಲ್ಲ. ಮೂವತ್ತು ದಿನವೂ ಇದನ್ನೇ ಬರೆದೆ. ಅದಕ್ಕೇ ಅವರು ಕಾಯಿಲೆಯವರ ಪಟ್ಟಿಯಿಂದ ನಿನ್ನ ಹೆಸರು ಕೈಬಿಟ್ಟದ್ದು. “ನನಗೆ ಕಾಯಿಲೆಯೇ ಇಲ್ಲವಂತೆ” ಎಂದು ನೀನು ಅಳುತ್ತಾ ಬಸ್ ಹತ್ತಿದಾಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಸೋಮವಾರ ಅರುಣಾರ ಬಳಿ ಹೋದೆ. “ನೋಡವ್ವಾ, ಆ ಪುಸ್ತಕದಾಗೆ ಇರಾಕಿ ನನ್ನ ಸೊಸೆ ಅಲ್ಲ, ನನಗೆ ಬೇಕಾಗಿದ್ದ ಸೊಸೆ” ಎಂದೆ. “ಅಂಥಾ ಸೊಸೆ ಎಲ್ಲೂ ಸಿಗಾಕಿಲ್ಲ ಬಿಡ್ರಿ ಅಮ್ಮಾ” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಕಾರಣ ನಮಗೂ ಇನ್ನಾ ಸಿಕ್ಕಿಲ್ಲ. ಆದ್ರೆ ಕಾಯಿಲೆ ನಿಜ, ಮೈಯಾಗೇ ಐತೆ” ಎಂದರು. ಮೈಯ ಕಣಕಣದಲ್ಲೂ ಶಕ್ತಿ ಬೇಯಿಸುವ ಒಲೆಯಂಥದ್ದು ಇದೆಯಂತೆ; ಜ್ವರ ಹೋದ ಮೇಲೂ ಕೆಲವರಲ್ಲಿ ಅದು ಸರಿಯಾಗಿ ಹೊತ್ತುವುದಿಲ್ಲವೇನೋ ಎಂದು ರಕ್ತದಲ್ಲಿ ಹುಡುಕುತ್ತಿದ್ದಾರಂತೆ.

ಈ ತಿಂಗಳ ಇಪ್ಪತ್ತನಾಲ್ಕಕ್ಕೆ ನಿನ್ನ ರಕ್ತ ತೆಗೆಯಲು ಒಪ್ಪಿದ್ದಾರೆ. ನಿನ್ನ ಗಂಡ ಕಾರು ತರುತ್ತಾನೆ, ಹಿಂದಿನ ಸೀಟಿನಲ್ಲಿ ಮಲಗಿ ಬಾ. ಬಾ ಎನ್ನುವ ಮುಖ ನನಗಿಲ್ಲ. ಆದರೂ ಬಾ.

ಸುಳ್ಳು ಬರೆದ ಕೈಯಿಂದಲೇ,
ಸರ್ವಮಂಗಳಮ್ಮ

ಮತ್ತೊಂದು ಮಾತು: ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಂತೆ. ನಾನು ತೋಳು ಚಾಚಿದೆ. ಹಿಂದೆಂದಾದರೂ ನಿಮಗೂ ಇಂಥ ದಣಿವು ಬಂದಿತ್ತೇ ಎಂದು ಅರುಣಾ ಕೇಳಿದರು. ನಿನ್ನ ಗಂಡ ಹುಟ್ಟಿದ ವರ್ಷ ನನಗೆ ಟೈಫಾಯ್ಡ್ ಬಂದು ಹೋದ ಮೇಲೆ, ಒಂದೂವರೆ ವರ್ಷ, ದೇವರಕೋಣೆಯ ಚಿಲಕ ಹಾಕಿಕೊಂಡು ಬರಿನೆಲದ ಮೇಲೆ ಮಲಗುತ್ತಿದ್ದೆ. ಹೊರಗೆ ನನ್ನ ಅತ್ತೆ, “ನಮ್ಮ ಸೊಸೆ ಲಿಂಗಪೂಜೆಗೆ ಕುಂತ್ರೆ ಎರಡು ತಾಸು ಏಳಾಕಿಲ್ಲ” ಎಂದು ಬೀಗುತ್ತಿದ್ದರು. ಅದನ್ನೂ ಹೇಳಿಬಿಟ್ಟೆ. ಅರುಣಾ ಆರೋಗ್ಯವಂತರ ಪಟ್ಟಿಯಿಂದ ನನ್ನ ಹೆಸರು ತೆಗೆದರು. ನಿನ್ನ ಗಂಡನಿಗೆ ಹೇಳಬೇಡ.