ಎದುರು ಕಿಟಕಿಯ ಗಂಟು

ಏಪ್ರಿಲ್ ೧೨, ಭಾನುವಾರ

ಪ್ರೀತಿಯ ಎದುರುಮನೆಯವಳೇ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ನೂಲಿಗೆ ಬಣ್ಣ ಹಾಕುವ ಹಂಡೆಯಿಂದ ಕೈ ತೆಗೆಯಲು ಪುರುಸೊತ್ತಿರಲಿಲ್ಲ. ಹಾಳೆಯ ಮೂಲೆಯಲ್ಲಿರುವ ನೀಲಿ ಹೆಬ್ಬೆಟ್ಟು ನೋಡಿದರೆ ನಿನಗೇ ನಂಬಿಕೆ ಬರುತ್ತದೆ. ಅಲ್ಲಿ ಮಗಳ ಊರಿನಲ್ಲಿ ಮೊಮ್ಮಗಳು ನಿನ್ನನ್ನು ದಿನವಿಡೀ ಕುಣಿಸುತ್ತಾಳೆಂದು ಓದಿ ನಗು ಬಂತು. ನೀನು ಮನೆ ಮಾರುತ್ತೀಯೆಂಬ ಮಾತು ಓಣಿಯಲ್ಲಿ ಓಡಾಡುತ್ತಿದೆ. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ಸಂತೋಷದ ಸುದ್ದಿ.

ನಾವು ಓಣಿಗೆ ವಾಪಸ್ ಬಂದೆವು!

ಹೊಸ ಬಡಾವಣೆಗೆ ಹೋದಾಗ ನಮ್ಮವರ ಕಾಲು ನೆಲದ ಮೇಲಿರಲಿಲ್ಲ. "ನೋಡೇ, ಎಷ್ಟು ಅಗಲ ರಸ್ತೆ! ನೂಲು ಒಂದೇ ಗಳಿಗೇಲಿ ಒಣಗುತ್ತೆ" ಅಂದರು. ಒಣಗಿತು, ಸುಳ್ಳಲ್ಲ. ಆದರೆ ಮನೆಗಳೆಲ್ಲ ದೂರ ದೂರ, ಅಂಗಳಕ್ಕೆ ಒಂದು ಗೋಡೆಯ ನೆರಳೂ ಇಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗೆ ಕಾಲಿಟ್ಟರೆ ಕುಣಿಯಬೇಕು. ನೀಲಿ ನೂಲಿನ ಲಡಿಗಳು ಹೊರಗೆ ಬಿಳಿಚಿಕೊಂಡು ಒಳಗೆ ಮಾತ್ರ ಕಡುನೀಲಿಯಾಗಿ ಉಳಿದವು. ನೇಕಾರ ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾ, ನೇಯೋದಕ್ಕೆ ಮುಂಚೇನೇ ಇದಕ್ಕೆ ವಯಸ್ಸಾಗಿದೆಯಲ್ಲಾ" ಅಂದ. ನಮ್ಮವರು ಇಂಗು ತಿಂದ ಮಂಗನಂತೆ ನಿಂತಿದ್ದರು.

ಈಗ ಮತ್ತೆ ನೂಲು ಒಣಹಾಕುವ ಅದೇ ಹಳೇ ಹಗ್ಗ, ನನ್ನ ಕಿಟಕಿಯಿಂದ ನಿನ್ನ ಕಿಟಕಿಗೆ. ನಿನ್ನ ಕಡೆಯ ಗಂಟು ನೀನು ಹಾಕಿದಂತೆಯೇ ಇತ್ತು. ಈ ತುದಿಯನ್ನಷ್ಟೇ ಕಟ್ಟಿದೆ. ನೀನು ಮೂರನೇ ಮಹಡಿ ಏರಿಸಿದಾಗ ಆಕಾಶವನ್ನೇ ಕದ್ದಳೆಂದು ಓಣಿಯೆಲ್ಲ ಗೊಣಗಿತ್ತು. ಈಗ ಅದರ ನೆರಳಿನಲ್ಲೇ ಮುದುಕರು ಜಗಲಿಯ ಮೇಲೆ ಗೊರಕೆ ಹೊಡೆಯುತ್ತಾರೆ. ನಡುಮಧ್ಯಾಹ್ನ ಸೂರ್ಯ ಸ್ವಲ್ಪ ಇಣುಕಿ ಹೋಗುತ್ತಾನೆ, ಅಷ್ಟೆ. ನೂಲು ನಿಧಾನವಾಗಿ, ಬಣ್ಣ ಬಿಡದೆ ಒಣಗುತ್ತದೆ. ರಾತ್ರಿ ಮಾತ್ರ ಗೋಡೆಗಳು ಹಗಲೆಲ್ಲ ನುಂಗಿದ ಕಾವನ್ನು ಕಕ್ಕುತ್ತವೆ. ಬಡಾವಣೆಯಲ್ಲಿ ಬೇಗ ತಂಪಾಗುತ್ತಿತ್ತು, ಅದನ್ನು ಒಪ್ಪಲೇಬೇಕು. ಇಲ್ಲಿ ಚಾಪೆ ಹೊತ್ತು ತಾರಸಿ ಹತ್ತುತ್ತೇವೆ. "ನಿದ್ದೆಗೇನು, ಎಲ್ಲಾದ್ರೂ ಬರುತ್ತೆ ಬಿಡು" ಅನ್ನುತ್ತಾರೆ ನಮ್ಮವರು, ಅಂದ ಮರುಕ್ಷಣವೇ ಗೊರಕೆ. ನನಗೆ ಇಷ್ಟು ಸುಖ ಸಾಕು.

ಮಗುವಿಗೆ ಆಶೀರ್ವಾದ. ನಿನ್ನಂಥ ಎದುರುಮನೆಯವಳೊಬ್ಬಳು ಅವಳಿಗೂ ಸಿಗಲಿ.

ನಿನ್ನ
ನೀಲಿ ಕೈಯವಳು

ಮತ್ತೆ, ಮನೆಯ ವಿಷಯ. ನಿನ್ನೆ ಟೇಪು ಹಿಡಿದವನೊಬ್ಬ ಬಂದು ನಿನ್ನ ಬಾಗಿಲು ಅಳೆದ. ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರಂತೆ. "ಅವರು ಒಪ್ಪಿ ತಿಂಗಳ ಮೇಲಾಯ್ತಲ್ಲ, ನಿಮಗೆ ಹೇಳಿಲ್ವಾ?" ಅಂದ. "ಹೇಳಿದ್ದಾಳೆ" ಅಂದೆ. ಮನೆ ನಿನ್ನದು, ಬೇಡ ಅನ್ನಲು ನಾನ್ಯಾರು? ನೆರಳು ಹೋದರೆ ಇನ್ನೊಂದು ಓಣಿ ಹುಡುಕಿಕೊಳ್ಳುತ್ತೇವೆ. ಆದರೆ ನಿನ್ನ ಕಾಗದದಲ್ಲಿ ಮೊಮ್ಮಗಳ ಹಲ್ಲಿನ ಸುದ್ದಿಯೂ ಇತ್ತು, ಇದೊಂದು ಇರಲಿಲ್ಲ. ತುಂಬಾ ನೋವಾಯಿತು ಕಣೇ. ಹಗ್ಗ ಬಿಚ್ಚಿಕೊಳ್ಳಿ ಎಂದು ಅವನು ಹೇಳಿ ಹೋಗಿದ್ದಾನೆ. ನಾನು ಬಿಚ್ಚುವುದಿಲ್ಲ. ಆ ಗಂಟು ನೀನು ಹಾಕಿದ್ದು, ನೀನೇ ಬಂದು ಬಿಚ್ಚು.