ಏಳನೇ ಮಣೆ

ಮಂಗಳವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅತ್ತಿಗೆಗೆ,

ನೀನೇ ಹೆಸರಿಟ್ಟ ನಿನ್ನ ಮುಟ್ಟಿದರೆಮುನಿ ಮಾಡುವ ನಮಸ್ಕಾರ. ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಹೊಟ್ಟೆಗೆ ಹಾಕಿಕೋ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ದೊಡ್ಡವರಿಗೆ ಬರೆಯುವಾಗ ‘ನೀವು’ ಅನ್ನಬೇಕು ಎಂದು ಅಣ್ಣ ಹೇಳಿಕೊಟ್ಟಿದ್ದ. ಎರಡು ಸಾಲು ಹಾಗೇ ಬರೆದು ನೋಡಿದೆ. ಬೇರೆ ಯಾರದೋ ಅತ್ತಿಗೆಗೆ ಬರೆದಂತಾಯಿತು, ಹರಿದು ಹಾಕಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಣ್ಣ ಸ್ಪೀಕರ್ ಹಾಕುತ್ತಾನೆ, ಬೀದಿಗೆಲ್ಲ ಕೇಳುತ್ತದೆ. ಇದು ನೀನೊಬ್ಬಳೇ ಓದಬೇಕಾದದ್ದು. ಒಲೆಯ ಮುಂದೆ ಕೂತು ಓದು. ಸಿಟ್ಟು ಬಂದರೆ ಒಲೆಗೆ ಬೈ.

ಈ ಪರದೇಶಕ್ಕೆ ಬಂದ ಎರಡು ತಿಂಗಳಿಂದ ನೀನು ಕೇಳಿದಾಗಲೆಲ್ಲ ‘ಎಲ್ಲಾ ಚೆನ್ನಾಗಿದೆ’ ಅಂದೆನಲ್ಲ, ಅದು ಅರ್ಧ ಸುಳ್ಳು. ಊಟ, ಹಾಸಿಗೆ, ರೂಮು ಚೆನ್ನಾಗಿರುವುದು ನಿಜ. ರೂಮು ನಾಲ್ಕನೇ ಮಹಡಿಯಲ್ಲಿದೆ. ಎದುರು ಮನೆಯ ಅಜ್ಜಿ ದಿನಾ ಬೆಳಿಗ್ಗೆ ಕಿಟಕಿಯ ಗಿಡಕ್ಕೆ ನೀರು ಹಾಕುತ್ತಾಳೆ. ಈಗ ನನ್ನನ್ನು ಕಂಡರೆ ನೀರಿನ ಜಗ್ಗು ಎತ್ತಿ ಆಡಿಸುತ್ತಾಳೆ. ರೂಮಿನಲ್ಲೂ ಕಲಿಕೆಯಲ್ಲೂ ಜೊತೆಯಲ್ಲಿರುವ ಹುಡುಗಿಯೂ ನನ್ನ ಹಾಗೆ ಹೊರದೇಶದಿಂದ ಬಂದವಳೇ. ಕಾಲು ಉದ್ದ ಎಂದು ಅವಳಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದೇನೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಹಾಗಾಗಿ ಇಷ್ಟು ದಿನವಾದರೂ ಜಗಳವಾಗಿಲ್ಲ.

ಕೆಲಸ ಮಾತ್ರ ಚೆನ್ನಾಗಿರಲಿಲ್ಲ. ಇಲ್ಲಿ ಹಳೆಯ ಕುರ್ಚಿಗಳಿಗೆ ಹೊಸ ಬೆತ್ತ ಹೆಣೆಯುವುದನ್ನು ಕಲಿಸುತ್ತಾರೆ. ಚೌಕಟ್ಟಿನ ಸುತ್ತ ತೂತು, ತೂತಿನಿಂದ ತೂತಿಗೆ ನೆನೆಸಿದ ಬೆತ್ತದ ಎಳೆ, ಎಲ್ಲಾ ನಮ್ಮ ಮನೆಯದೇ. ಆದರೆ ಸೊಂಟದೆತ್ತರದ ಮೇಜಿನ ಮುಂದೆ ಬೂಟು ಹಾಕಿಕೊಂಡು ನಿಂತು ಹೆಣೆಯಬೇಕು. ನೀನು ನನಗೆ ಕಲಿಸಿದ್ದು ನೆಲದ ಮೇಲೆ ಕೂತು, ಚೌಕಟ್ಟನ್ನು ಪಾದದಲ್ಲಿ ಒತ್ತಿ, ಕಾಲಿನ ಹೆಬ್ಬೆರಳ ಸಂದಿಯಲ್ಲಿ ಎಳೆ ಹಿಡಿದು ಜಗ್ಗುವುದನ್ನು. ಮೇಜಿನ ಮುಂದೆ ನಿಂತರೆ ನಾಲ್ಕು ಕೈಯವಳಿಗೆ ಎರಡು ಕೈ ಕಟ್ಟಿಹಾಕಿದ ಹಾಗಾಗುತ್ತಿತ್ತು.

ಪರೀಕ್ಷೆ ಹೇಗೆ ಗೊತ್ತಾ? ಹೆಣೆದ ಕುರ್ಚಿಯ ಮೇಲೆ ಮರಳಿನ ಚೀಲ ಇಟ್ಟು ಹೋಗುತ್ತಾರೆ. ಮಾರನೇ ದಿನ ಹೆಣಿಗೆ ಒಂದು ಬೆರಳಿಗಿಂತ ಹೆಚ್ಚು ಜಗ್ಗಿದ್ದರೆ ನಪಾಸು. ಮೂರು ಸಲ ನಪಾಸಾದವರನ್ನು ಮನೆಗೆ ಕಳಿಸುತ್ತಾರೆ. ನಾನು ಎರಡು ಸಲ ಆದೆ. ಎರಡನೆಯದು ಜೋಲಿಯ ಹಾಗಾಗಿತ್ತು, ಮಗು ಮಲಗಿಸಿ ತೂಗಬಹುದಿತ್ತು. ನಮ್ಮ ಮೇಷ್ಟ್ರು ಎದೆಯವರೆಗೆ ಗಡ್ಡ ಬಿಟ್ಟ ದಪ್ಪ ದನಿಯವರು. ಅವರು ಫೋನಿಗೆ ಏನೋ ಗುಡುಗುತ್ತಾರೆ, ಅದು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತದೆ, ಅದೂ ಎಳೆ ಹೆಂಗಸಿನ ದನಿಯಲ್ಲಿ. ‘ದಯವಿಟ್ಟು ಗಮನಿಸಿ, ತಮ್ಮ ಆಸನವು ಅತ್ಯಂತ ಸಡಿಲವಾಗಿದೆ’ ಅಂದಿತು. ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದೆ.

ಕಾಲು ಹಾಕಿದ್ದರೆ ಒಂದೇ ದಿನದ ಕೆಲಸ. ಆದರೆ ಹೊರಡುವ ದಿನ ನೀನು ನನ್ನ ಕೈಯನ್ನು ನಿನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿಕೊಂಡೆಯಲ್ಲ. ‘ಅಲ್ಲಿ ಹೋಗಿ ಕಾಲು ಚಾಚ್ಬೇಡ ಕಣೇ, ಕಾಡಿನವಳು ಅಂತಾರೆ’ ಅಂದೆ. ಯಾಕೆ ಅಂದೆ ಅಂತ ಗೊತ್ತು. ಹಿಂದೆ ಪೇಟೆಯ ಪ್ರದರ್ಶನದಲ್ಲಿ ನೀನು ಕೂತು ಹೆಣೆಯುತ್ತಿದ್ದಾಗ ಯಾರೋ ಬರೀ ನಿನ್ನ ಕಾಲಿನ ಫೋಟೋ ತೆಗೆದು, ಪಕ್ಕದವರಿಗೆ ತೋರಿಸಿ ನಕ್ಕಿದ್ದರು. ನೀನು ಸೆರಗು ಎಳೆದು ಪಾದ ಮುಚ್ಚಿಕೊಂಡೆ. ಅವತ್ತಿನಿಂದ ಯಾರಾದರೂ ಹೊರಗಿನವರು ಬಂದರೆ ಹೆಣಿಗೆ ನಿಲ್ಲಿಸಿಬಿಡುತ್ತೀಯ.

ಹೋದ ವಾರ ಮೂರನೇ ಕುರ್ಚಿ. ಎಲ್ಲರೂ ಊಟಕ್ಕೆ ಇಳಿದಿದ್ದರು. ನಾನು ಬಾಗಿಲು ಮುಂದೆ ಮಾಡಿ, ಬೂಟು ಬಿಚ್ಚಿ, ನೆಲಕ್ಕೆ ಕೂತೆ. ಅತ್ತಿಗೆ, ನಿನ್ನ ಆಣೆ ಮುರಿದೆ. ಆದರೆ ಎಳೆ ಬೆರಳ ಸಂದಿಗೆ ಬಂದ ತಕ್ಷಣ ಮನೆಗೆ ಬಂದ ಹಾಗಾಯಿತು. ಮೇಜಿನ ಮೇಲೆ ಹಾಕಿದ್ದ ಎಳೆಗಳನ್ನೆಲ್ಲ ಜಗ್ಗಿ ಬಿಗಿದು, ಉಳಿದಿದ್ದ ಕೊನೆಯ ಸಾಲುಗಳನ್ನು ಸರಸರ ಹೆಣೆದೆ. ಮುಗಿಸಿ ನೀನು ಮಾಡುವಂತೆ ಬೆರಳಿನಿಂದ ಮೀಟಿದೆ. ಟಣ್ ಅಂದಿತು.

ತಲೆ ಎತ್ತಿದರೆ ಮೇಷ್ಟ್ರು ನಿಂತಿದ್ದಾರೆ! ಮರೆತ ಕನ್ನಡಕಕ್ಕೆ ಬಂದವರು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ನಾನು ಲಂಗ ಎಳೆದು ಕಾಲು ಮುಚ್ಚಿದೆ, ಥೇಟ್ ನಿನ್ನ ಹಾಗೆ. ಅವರು ಮಂಡಿಯೂರಿ ಕೂತು, ತೋರಿಸು ಎಂದು ಸನ್ನೆ ಮಾಡಿದರು. ತೋರಿಸಿದೆ. ಹೆಬ್ಬೆರಳ ಪಕ್ಕದ ಜಡ್ಡನ್ನು ನೋಡಿದರು. ಆಮೇಲೆ ತಮ್ಮ ತೋರುಬೆರಳು ಚಾಚಿದರು. ಅಲ್ಲೂ ಅಂಥದೇ ಜಡ್ಡು. ಬೈಯಿಸಿಕೊಂಡು ಅಳಲು ಸಿದ್ಧವಾಗಿದ್ದ ಬಾಯಿ ಹಾಗೇ ನಗುವಾಯಿತು.

ಅಷ್ಟರಲ್ಲಿ ನನ್ನ ಜೊತೆ ಕಲಿಯುವ ಉಳಿದ ನಾಲ್ವರೂ ಬಂದರು. ಮೇಷ್ಟ್ರು ಎಲ್ಲರಿಗೂ ಏನೋ ಗುಡುಗಿದರು, ಫೋನಿನ ಹೆಂಗಸು ನನಗೆ ‘ದಯವಿಟ್ಟು ಸರ್ವರೂ ಪಾದರಕ್ಷೆಗಳನ್ನು ಕಳಚತಕ್ಕದ್ದು’ ಅಂದಳು. ನೀನು ನೋಡಬೇಕಿತ್ತು! ಮೇಷ್ಟ್ರ ಕಾಲುಚೀಲದ ತೂತಿನಿಂದ ಹೆಬ್ಬೆರಳು ಬಿಲದಿಂದ ಇಲಿ ಇಣುಕಿದ ಹಾಗೆ ಇಣುಕುತ್ತಿತ್ತು. ಕೊಕ್ಕರೆಗೆ ಎಳೆ ತಾಗಿದರೆ ಕಚಗುಳಿ, ಉರುಳಾಡಿ ನಕ್ಕಳು. ಚಕ್ಕಳಮಕ್ಕಳ ಕೂತ ಮೇಷ್ಟ್ರು ಏಳಲಾಗದೆ, ಇಬ್ಬರು ಕೈ ಕೊಟ್ಟು ಎಬ್ಬಿಸಬೇಕಾಯಿತು.

ಮಾರನೇ ದಿನ ಮರಳಿನ ಚೀಲ ಎತ್ತಿದರೆ ಅರ್ಧ ಬೆರಳೂ ಜಗ್ಗಿರಲಿಲ್ಲ. ನಾನು ಪಾಸು, ಅತ್ತಿಗೆ!

ಈಗ ದಿನಾ ಮಧ್ಯಾಹ್ನ ಒಂದು ಗಂಟೆ ನಾನೇ ಹೇಳಿಕೊಡಬೇಕು. ಮರದ ತುಂಡುಗಳಿಂದ ಆರು ಮಣೆ ಮಾಡಿದ್ದೇವೆ, ಐದು ನಮಗೆ, ಒಂದು ಮೇಷ್ಟ್ರಿಗೆ. ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದ ನಾನು ‘ಹಿಡಿ, ಜಗ್ಗು, ಬಿಡಬೇಡ!’ ಎಂದು ಕೂಗುತ್ತೇನೆ. ಎಲ್ಲರಿಗೂ ಈ ಮೂರು ಮಾತು ಬಾಯಿಪಾಠವಾಗಿದೆ. ಮೇಷ್ಟ್ರು ಬಾಗಿಲು ತೆಗೆಯುವಾಗಲೂ ‘ಜಗ್ಗು’ ಅನ್ನುತ್ತಾರೆ.

ಇದನ್ನೆಲ್ಲ ಯಾರು ಕಲಿಸಿದರು ಎಂದು ಅವರು ಕೇಳಿದರು. ನಿನ್ನ ಹೆಸರು ಹೇಳಿದೆ. ಮುಂದಿನ ತಂಡಕ್ಕೆ ಎರಡು ತಿಂಗಳು ನೀನೇ ಬಂದು ಕಲಿಸಬೇಕಂತೆ. ನಮ್ಮ ಹೆಣಿಗೆಯವರ ಸಂಘಕ್ಕೆ ನಿನ್ನೆಯೇ ಕಾಗದ ಹಾಕಿದ್ದಾರೆ. ಆಣೆ ಮುರಿದದ್ದಕ್ಕೆ ಬಂದು ಇಲ್ಲೇ ಎರಡು ಬಾರಿಸು. ಎಲ್ಲರ ಮುಂದೆ ಬಾರಿಸಿದರೂ ಸರಿ.

ನಿನ್ನ ಕೈಯಲ್ಲೂ ಕಾಲಲ್ಲೂ ಕಲಿತ,
ಮುಟ್ಟಿದರೆಮುನಿ

ತಾ.ಕ.: ಮೊಣಕಾಲು ನೋವು ಎಂದು ಮಾತ್ರ ಈ ಸಲ ಹೇಳಬೇಡ. ಇಲ್ಲಿಗೆ ಕಲಿಯಲು ಕರೆದು ಮೊದಲು ಬಂದಿದ್ದ ಕಾಗದದಲ್ಲಿ ಇದ್ದದ್ದು ನಿನ್ನ ಹೆಸರು. ನೀನು ಅದನ್ನು ಅಕ್ಕಿ ಡಬ್ಬದ ಕೆಳಗೆ ಬಚ್ಚಿಟ್ಟಿದ್ದೆ, ನಾನು ಓದಿದೆ. ಐದನೇ ಕ್ಲಾಸಿನವಳಿಗೆ ಅಷ್ಟು ಓದಲು ಬರುತ್ತದೆ. ‘ನೋವು, ನನ್ನ ಬದಲು ಇವಳು ಹೋಗಲಿ’ ಎಂದು ಸಂಘದವರ ಮುಂದೆ ಕುಂಟಿದ ನೀನೇ ಅದೇ ಸಂಜೆ ಅಟ್ಟ ಹತ್ತಿ ಬೆತ್ತದ ಹೊರೆ ಇಳಿಸಿದ್ದೆ. ನನಗೂ ಬರಬೇಕೆಂಬ ಆಸೆ ಇತ್ತು, ಅದಕ್ಕೇ ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೆಲ ಒರೆಸಿ, ಕಿಟಕಿಯ ಪಕ್ಕ, ಬೆಳಕು ಬೀಳುವ ಕಡೆ, ಏಳನೇ ಮಣೆ ಹಾಕಿ ಬಂದೆ.